ಲೆಕ್ಕ ಕೇಳುವವರು ಯಾರು?

2024ನೆಯ ಇಸವಿ ಜುಲೈ 11ರಂದು ನೈಜೀರಿಯದ ಸರ್ವೋಚ್ಚ ನ್ಯಾಯಾಲಯವು ಒಂದು ತೀರ್ಪನ್ನು ಕೊಟ್ಟಿತು. ಆ ದೇಶದಲ್ಲಿ 774 ಸ್ಥಳೀಯ ಸರ್ಕಾರಗಳಿವೆ. ಅವುಗಳ ಹೆಸರುಗಳು 1999ರ ಸಂವಿಧಾನದಲ್ಲಿಯೇ ಅಚ್ಚಾಗಿವೆ; ಅವುಗಳ ಆಡಳಿತವನ್ನು ಜನರು ಆರಿಸಿದ ಸಭೆಗಳೇ ನಡೆಸತಕ್ಕದ್ದೆಂದು ಅದೇ ಸಂವಿಧಾನವು ಅಭಯವನ್ನೂ ಕೊಟ್ಟಿದೆ. ಒಕ್ಕೂಟದ ಬೊಕ್ಕಸದಿಂದ ಹಂಚಿಕೆಯಾಗುವ ಹಣದಲ್ಲಿ ನೂರಕ್ಕೆ 20.6ರಷ್ಟು ಪಾಲು ಇವುಗಳದು. ಆದರೆ ಆ ಪಾಲು ನೇರವಾಗಿ ಇವುಗಳ ಕೈ ಸೇರುತ್ತಿರಲಿಲ್ಲ. ಅದು ಮೊದಲು ರಾಜ್ಯದ ಜಂಟಿ ಖಾತೆಯೆಂಬ ತೊಟ್ಟಿಗೆ ಬೀಳುತ್ತಿತ್ತು; ತೊಟ್ಟಿಯ ತೂಬು ಗವರ್ನರರ ಕೈಯಲ್ಲಿತ್ತು. (ಅಲ್ಲಿಯ ಗವರ್ನರ್ ನಮ್ಮ ರಾಜ್ಯಪಾಲರಂತಲ್ಲ, ಜನರಿಂದಲೇ ಚುನಾಯಿತರಾಗಿ ರಾಜ್ಯವನ್ನಾಳುವವರು, ನಮ್ಮ ಮುಖ್ಯಮಂತ್ರಿಗಳ ಸ್ಥಾನದವರು.) ಇನ್ನು ಮೇಲೆ ಈ ಹಣವನ್ನು ಸ್ಥಳೀಯ ಸರ್ಕಾರಗಳಿಗೆ ನೇರವಾಗಿ ಕೊಡತಕ್ಕದ್ದು, ಚುನಾವಣೆ ನಡೆಸದೆ ಗವರ್ನರರು ನೇಮಿಸುವ ಉಸ್ತುವಾರಿ ಸಮಿತಿಗಳು ಕಾನೂನಿಗೆ ವಿರುದ್ಧವಾದುವು, ಎಂದು ನ್ಯಾಯಾಧೀಶರು ಹೇಳಿದರು.

ಸುದ್ದಿಯನ್ನು ಓದಿ ನನಗೆ ಸಂತೋಷವಾಯಿತು. ಊರಿನ ಬಾವಿ, ಶಾಲೆ, ದೀಪ, ಚರಂಡಿಗಳ ವಿಚಾರವನ್ನು ಊರಿನವರೇ ನೋಡಿಕೊಳ್ಳಬೇಕೆಂದು ನಂಬುವವರ ಗುಂಪಿಗೆ ನಾನು ಸೇರಿದವನು. ಆದರೆ ತೀರ್ಪಿನ ಹಿಂದಿನ ಕಥೆಯನ್ನು ನೆನೆದಾಗ ಸಂತೋಷದ ಜೊತೆಗೆ ಒಂದಿಷ್ಟು ಅನುಮಾನವೂ ಬೆರೆಯಿತು. ದಾವೆಯನ್ನು ಹೂಡಿದವರು ಒಕ್ಕೂಟ ಸರ್ಕಾರದ ಅಟಾರ್ನಿ ಜನರಲ್. ಆ ಸರ್ಕಾರದ ಅಧ್ಯಕ್ಷರು ಬೋಲಾ ಟಿನುಬು. ಇಪ್ಪತ್ತು ವರ್ಷ ಹಿಂದೆ ಇದೇ ಟಿನುಬು ಲಾಗೋಸ್ ರಾಜ್ಯದ ಗವರ್ನರರಾಗಿದ್ದಾಗ, ಸಂವಿಧಾನದಲ್ಲಿ ಹೆಸರಿಸಿದ್ದ 20 ಸ್ಥಳೀಯ ಸರ್ಕಾರಗಳ ಜೊತೆಗೆ ಮತ್ತೆ 37ನ್ನು ತಾವಾಗಿ ಸೃಷ್ಟಿಸಿದ್ದರು. ಅದಕ್ಕೆ ಸಿಟ್ಟಾದ ಅಂದಿನ ಅಧ್ಯಕ್ಷ ಒಬಸಾಂಜೋ ಅವರು ಲಾಗೋಸಿನ ಸ್ಥಳೀಯ ಸರ್ಕಾರಗಳ ಹಣವನ್ನೇ ತಡೆಹಿಡಿದರು. 2004ರ ಡಿಸೆಂಬರಿನಲ್ಲಿ ಇದೇ ನ್ಯಾಯಾಲಯವು, ಹೀಗೆ ಹಣ ತಡೆಯುವ ಅಧಿಕಾರ ಅಧ್ಯಕ್ಷರಿಗಿಲ್ಲವೆಂದು ತೀರ್ಮಾನಿಸಿತು. ಅಂದು ಕೇಂದ್ರದ ಕೈಯಿಂದ ತಮ್ಮ ರಾಜ್ಯವನ್ನು ಕಾಪಾಡಿಕೊಂಡವರು ಇಂದು ರಾಜ್ಯಗಳ ಕೈಯಿಂದ ಊರುಗಳನ್ನು ಕಾಪಾಡಲು ಹೊರಟಿದ್ದಾರೆ. ಸ್ವಾಯತ್ತತೆಯ ಮಾತು ಆಡುವವರು ನಿಂತ ಮೆಟ್ಟಿಲಿಗೆ ತಕ್ಕಂತೆ ಅರ್ಥ ಬದಲಿಸುತ್ತದೆ. ಇದು ನೈಜೀರಿಯಕ್ಕೆ ಮಾತ್ರ ಅಂಟಿದ ದೋಷವಲ್ಲ.

ಹಣ ನೇರವಾಗಿ ಊರಿಗೆ ಬಂದರೆ ನಲ್ಲಿಯಲ್ಲಿ ನೀರೂ ಬಂದೀತೇ? ನಮ್ಮ ಪತ್ರಿಕೆಗಳಲ್ಲಿ ಆಫ್ರಿಕದ ಸುದ್ದಿ ಬರುವುದು ದಂಗೆಯಾದಾಗ, ಬರ ಬಿದ್ದಾಗ. ಅಲ್ಲಿಯ ಒಂದು ಪುರಸಭೆ ಕಸ ಎತ್ತಿಸಿತೋ ಇಲ್ಲವೋ ಎಂಬುದು ನಮಗೆ ಸುದ್ದಿಯಲ್ಲ. ಆದರೂ ಈ ಪ್ರಶ್ನೆಯನ್ನು ಒರೆಗೆ ಹಚ್ಚಿ ನೋಡಲು ಆಫ್ರಿಕಕ್ಕಿಂತ ತಕ್ಕ ನೆಲ ನನಗೆ ತೋರದು. ಕಳೆದ ನಾಲ್ಕು ದಶಕಗಳಲ್ಲಿ ಅಲ್ಲಿಯ ಒಂದೊಂದು ದೇಶವೂ ಒಂದೊಂದು ಬಗೆಯ ಪ್ರಯೋಗವನ್ನು ಮಾಡಿದೆ.

ಮೊದಲು ಯುಗಾಂಡವನ್ನು ನೋಡೋಣ. 1990ರ ದಶಕದ ಮೊದಲಲ್ಲಿ ಅಲ್ಲಿಯ ಸರ್ಕಾರವು ಪ್ರಾಥಮಿಕ ಶಾಲೆಗಳಿಗೆ ಮಗುವೊಂದಕ್ಕೆ ಇಷ್ಟೆಂದು ಸಂಬಳೇತರ ವೆಚ್ಚಕ್ಕೆ ಅನುದಾನ ಕೊಡುತ್ತಿತ್ತು. ಕಾಗದದ ಮೇಲೆ ಖರ್ಚು ಏರುತ್ತಿತ್ತು. ಶಾಲೆಗಳ ಸ್ಥಿತಿ ಮಾತ್ರ ಹಾಗೆಯೇ ಇತ್ತು. ರಿತ್ವ ರೈನಿಕ್ಕ ಮತ್ತು ಯಾಕೋಬ್ ಸ್ವೆನ್ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 250 ಶಾಲೆಗಳ ಪುಸ್ತಕಗಳನ್ನು ತೆರೆದು, 1991ರಿಂದ 1995ರವರೆಗಿನ ಲೆಕ್ಕವನ್ನು ಕೇಂದ್ರದ ಲೆಕ್ಕಕ್ಕೆ ತಾಳೆ ನೋಡಿದರು. ಸರಾಸರಿಯಲ್ಲಿ ಶಾಲೆಗೆ ತಲುಪಿದ್ದು ನೂರಕ್ಕೆ 13. ಬಹುಪಾಲು ಶಾಲೆಗಳಿಗೆ ಒಂದು ಕಾಸೂ ತಲುಪಿರಲಿಲ್ಲ. ಉಳಿದುದೆಲ್ಲ ನಡುವೆ, ಜಿಲ್ಲೆಯ ಕಚೇರಿಗಳಲ್ಲಿ, ಇಂಗಿಹೋಗಿತ್ತು. ಅಧಿಕಾರವನ್ನು ಕೆಳಕ್ಕೆ ಇಳಿಸಬೇಕೆನ್ನುವವರು ಈ ಸಂಗತಿಯನ್ನು ಮರೆಯಬಾರದು: ಅಲ್ಲಿ ಹಣವನ್ನು ನುಂಗಿದ್ದು ರಾಜಧಾನಿಯಲ್ಲ, ಜಿಲ್ಲೆ.

ಆಗ ಸರ್ಕಾರ ಮಾಡಿದ ಕೆಲಸ ಸರಳವಾದದ್ದು. ಯಾವ ಜಿಲ್ಲೆಗೆ ಯಾವ ತಿಂಗಳು ಎಷ್ಟು ಹಣ ಕಳುಹಿಸಿದೆವೆಂಬುದನ್ನು ಪತ್ರಿಕೆಗಳಲ್ಲಿ ಅಚ್ಚು ಹಾಕಿಸಲಾರಂಭಿಸಿತು. ಶಾಲೆಗೆ ಬಂದ ಮೊತ್ತವನ್ನು ಶಾಲೆಯಲ್ಲಿಯೇ ಎಲ್ಲರಿಗೂ ಕಾಣುವಂತೆ ಬರೆದು ಹಾಕಬೇಕೆಂದು ವಿಧಿಸಿತು. 2001ರ ಹೊತ್ತಿಗೆ ಶಾಲೆ ತಲುಪುವ ಹಣ ನೂರಕ್ಕೆ 80ನ್ನು ಮೀರಿತ್ತು. ಈ ಯಶಸ್ಸನ್ನೆಲ್ಲ ಪತ್ರಿಕೆಗೇ ಸಲ್ಲಿಸುವುದು ಅತಿಯಾದೀತೆಂದು ಮುಂದೆ ಬೇರೆ ವಿದ್ವಾಂಸರು ತಕರಾರು ಎತ್ತಿದರು. ಅದು ನ್ಯಾಯವಾದ ತಕರಾರು. ಅದೇ ಕಾಲದಲ್ಲಿ ಅನುದಾನದ ಕಟ್ಟುಪಾಡುಗಳೂ ಬಿಗಿಯಾಗಿದ್ದುವು. 1997ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವಾಗಿ, ಇಡೀ ದೇಶದ ಕಣ್ಣು ಶಾಲೆಗಳ ಮೇಲಿತ್ತು. ಅಷ್ಟಾದರೂ, ಗೋಡೆಗೆ ಅಂಟಿಸಿದ ಆ ಕಾಗದದ ಬೆಲೆಯನ್ನು ನಾನು ಕಡಮೆಯೆಂದು ಎಣಿಸಲಾರೆ. ತನಗೆ ಸಲ್ಲಬೇಕಾದುದೆಷ್ಟೆಂದು ಹೆಡ್ ಮಾಸ್ತರರಿಗೆ ಗೊತ್ತಿತ್ತು. ಬಂದುದೆಷ್ಟೆಂದು ಮಕ್ಕಳ ತಂದೆತಾಯಿಗಳಿಗೂ ಗೊತ್ತಾಯಿತು.

ಇದೇ ಔಷಧವನ್ನು ನೈಜೀರಿಯವೂ ಸೇವಿಸಿತು. 2004ರಲ್ಲಿ ಹಣಕಾಸಿನ ಸಚಿವೆ ಎನ್‌ಗೋಜಿ ಒಕೊಂಜೊ ಇವೀಲಾ ಅವರು ರಾಜ್ಯ ರಾಜ್ಯಕ್ಕೂ, ಸ್ಥಳೀಯ ಸರ್ಕಾರಗಳಿಗೂ ತಿಂಗಳು ತಿಂಗಳು ಹಂಚಿದ ಹಣವನ್ನು ಪತ್ರಿಕೆಗಳಲ್ಲಿ ಪ್ರಕಟಿಸಲು ಆರಂಭಿಸಿದರು. ಜನರು ಆ ಪಟ್ಟಿಗಳನ್ನು ಆಸೆಯಿಂದ ಓದಿದರು. ಆದರೆ ರೋಗ ವಾಸಿಯಾಗಲಿಲ್ಲ. ಕಾರಣ ದೂರದಲ್ಲಿಲ್ಲ. ಪತ್ರಿಕೆಯಲ್ಲಿ ಕಂಡ ಅಂಕಿ ಜಂಟಿ ಖಾತೆಗೆ ಹೋಗಿ ಬೀಳುತ್ತಿತ್ತು. ತನ್ನ ಪಾಲೆಲ್ಲಿ ಎಂದು ಕೇಳಬೇಕಾದ ಸ್ಥಳೀಯ ಅಧ್ಯಕ್ಷನನ್ನು ಎಷ್ಟೋ ಕಡೆ ನೇಮಿಸಿದವರು ಗವರ್ನರರೇ. ಅವನು ಕೇಳಿದರೆ ಮಾರನೆಯ ದಿನ ಇನ್ನೊಬ್ಬನ ನೇಮಕವಾಗುತ್ತಿತ್ತು. ಚುನಾವಣೆ ನಡೆದರೂ ಅದನ್ನು ನಡೆಸುವ ಆಯೋಗವನ್ನು ನೇಮಿಸುವವರೂ ಅವರೇ. 1990ರ ದಶಕದಲ್ಲಂತೂ ಪ್ರಾಥಮಿಕ ಶಾಲೆಯ ಉಪಾಧ್ಯಾಯರ ಸಂಬಳವನ್ನು ಮೊದಲೇ ಮುರಿದುಕೊಂಡು, ಕೆಲವು ಸ್ಥಳೀಯ ಸರ್ಕಾರಗಳಿಗೆ ಕೊನೆಗೆ ಉಳಿಯುತ್ತಿದ್ದುದು ಸೊನ್ನೆ. ಪಟ್ಟಿಯನ್ನು ಓದಿದ ನಾಗರಿಕನಿಗೆ ತಿಳಿವಳಿಕೆ ದೊರೆಯಿತು. ಆ ತಿಳಿವಳಿಕೆಯನ್ನು ಹಿಡಿದುಕೊಂಡು ಹೋಗಿ ನಿಲ್ಲಲು ಒಂದು ಬಾಗಿಲು ದೊರೆಯಲಿಲ್ಲ.

ಯುಗಾಂಡದ ಮುಂದಿನ ಕಥೆ ಇದಕ್ಕಿಂತ ಸೂಕ್ಷ್ಮವಾದದ್ದು. ನನ್ನನ್ನು ಬಹಳ ಯೋಚನೆಗೀಡುಮಾಡಿದ್ದು ಅದೇ. 1986ರಲ್ಲಿ ಮುಸೆವೆನಿಯವರು ಅಧಿಕಾರಕ್ಕೆ ಬಂದಾಗ ಹಳ್ಳಿಹಳ್ಳಿಯಲ್ಲಿಯೂ ಜನರ ಸಭೆಗಳನ್ನು ಏರ್ಪಡಿಸಿದರು. 1995ರ ಸಂವಿಧಾನವೂ 1997ರ ಶಾಸನವೂ ಅವಕ್ಕೆ ಭದ್ರವಾದ ತಳಹದಿಯನ್ನು ಹಾಕಿದುವು. ಉಪಜಿಲ್ಲೆಯಲ್ಲಿ ಎತ್ತಿದ ತೆರಿಗೆಯಲ್ಲಿ ನೂರಕ್ಕೆ 65 ಭಾಗ ಅಲ್ಲಿಯೇ ಉಳಿಯಬೇಕೆಂದು ಕಾನೂನಾಯಿತು. ಈ ತೆರಿಗೆಯಲ್ಲಿ ಮುಖ್ಯವಾದದ್ದು ಆಂಗ್ಲರ ಕಾಲದಿಂದ ಬಂದ, ವಯಸ್ಕ ಗಂಡಸರ ತಲೆಯ ಮೇಲೆ ಬೀಳುವ ಮೆಟ್ಟಿಲು ತೆರಿಗೆ. ಅದನ್ನು ಯಾರೂ ಪ್ರೀತಿಸಲಿಲ್ಲ, ಪ್ರೀತಿಸುವಂಥದೂ ಆಗಿರಲಿಲ್ಲ. ವಸೂಲಿಯ ದಿನ ನಸುಕಿನಲ್ಲಿಯೇ ಗುಡಿಸಲುಗಳಿಗೆ ಮುತ್ತಿಗೆ ಹಾಕುವುದು, ಬಡವರು ಪೊದೆಗಳಲ್ಲಿ ಅಡಗುವುದು, ಸಿಕ್ಕಿಬಿದ್ದವರು ಸೆರೆಮನೆ ಸೇರುವುದು, ಇವೆಲ್ಲ ಅದರ ಜೊತೆಗಿದ್ದುವು. 2006ರ ಚುನಾವಣೆ ಹತ್ತಿರವಾದಾಗ, 2005ರಲ್ಲಿ, ಅದನ್ನು ತೆಗೆದುಹಾಕಲಾಯಿತು. ಜನರು ನಿಟ್ಟುಸಿರುಬಿಟ್ಟರು; ಆ ನಿಟ್ಟುಸಿರನ್ನು ತಪ್ಪೆನ್ನುವ ಧೈರ್ಯ ನನಗಿಲ್ಲ.

ಆದರೆ ತೆರಿಗೆಯ ಹಿಂದೆಯೇ ಇನ್ನೊಂದು ವಸ್ತುವೂ ಹೊರಟುಹೋಯಿತು. ತೆರಿಗೆ ಕೊಟ್ಟವನು ಉಪಜಿಲ್ಲೆಯ ಕಚೇರಿಗೆ ಹೋಗಿ, ನನ್ನ ದುಡ್ಡಿಗೆ ಸೇತುವೆ ಎಲ್ಲಿ ಎಂದು ಕೇಳಬಹುದಾಗಿತ್ತು, ಕೇಳುತ್ತಲೂ ಇದ್ದ. ಈಗ ಜಿಲ್ಲೆಗಳ ವರಮಾನದಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕ ಭಾಗ ಕೇಂದ್ರದಿಂದ ಬರುವ ಅನುದಾನ, ಅದರಲ್ಲಿಯೂ ಬಹುಪಾಲು ಇಂಥದಕ್ಕೇ ಖರ್ಚು ಮಾಡಬೇಕೆಂದು ಕಟ್ಟಿ ಕಳುಹಿಸಿದ ಹಣ. ಅದೇ 2005ರಲ್ಲಿ ಜಿಲ್ಲೆಯ ಮುಖ್ಯ ಆಡಳಿತಾಧಿಕಾರಿಯನ್ನು ನೇಮಿಸುವ ಅಧಿಕಾರವೂ ಜಿಲ್ಲೆಯ ಕೈ ತಪ್ಪಿ ಕೇಂದ್ರಕ್ಕೆ ಹೋಯಿತು. ಜಿಲ್ಲೆಗಳ ಸಂಖ್ಯೆಯಾದರೋ ಬೆಳೆಯಿತು: 1986ರಲ್ಲಿ 33 ಇದ್ದುವು, 2020ರ ವೇಳೆಗೆ ಕಂಪಾಲವನ್ನು ಬಿಟ್ಟು 135 ಆದುವು. ಜಿಲ್ಲೆ ಒಡೆದಷ್ಟೂ ಕಚೇರಿ ಹತ್ತಿರವಾಯಿತು ನಿಜ. ಆದರೆ ಪ್ರತಿಯೊಂದೂ ಬಡವಾಯಿತು, ಕೇಂದ್ರದ ಮುಂದೆ ಕೈಯೊಡ್ಡುವವರ ಸಾಲು ಉದ್ದವಾಯಿತು. ಇನ್ನು ಹಳ್ಳಿಯ ಸಭೆ: 2001ರಲ್ಲಿ ಅದಕ್ಕೆ ಚುನಾವಣೆ ನಡೆದ ಮೇಲೆ ಮತ್ತೆ ನಡೆದದ್ದು 2018ರಲ್ಲಿ. ಹದಿನೇಳು ವರ್ಷ! ಮತಪತ್ರವೂ ಇರಲಿಲ್ಲ, ಅವರವರಿಗೆ ಬೇಕಾದ ಅಭ್ಯರ್ಥಿಯ ಬೆನ್ನ ಹಿಂದೆ ಜನರು ಸಾಲಾಗಿ ನಿಂತರು, ಸಾಲನ್ನು ಎಣಿಸಿದರು. ಕ್ರೂರವಾದ ತೆರಿಗೆಯನ್ನು ತಿದ್ದಿ, ನ್ಯಾಯವಾದ ತೆರಿಗೆಯನ್ನಾಗಿ ಮಾಡುವ ಕಷ್ಟದ ದಾರಿಯೊಂದಿತ್ತು. ಅದನ್ನು ಹಿಡಿಯುವ ತಾಳ್ಮೆ ಚುನಾವಣೆಯ ವರ್ಷದಲ್ಲಿ ಯಾರಿಗೆ ಇದ್ದೀತು?

ತಾಂಜಾನಿಯ ಇದಕ್ಕಿಂತ ನೆಟ್ಟಗೆ ನಡೆದುಕೊಂಡಿತ್ತು. 1972ರಲ್ಲಿ ಅದು ಸ್ಥಳೀಯ ಸಭೆಗಳನ್ನೇ ರದ್ದುಮಾಡಿ, ಪಟ್ಟಣಗಳು ಕೊಳೆತ ಮೇಲೆ ಹತ್ತು ವರ್ಷದೊಳಗೆ ಮತ್ತೆ ಶಾಸನಮಾಡಿ ಕರೆದುತಂದಿತು. ಅಲ್ಲಿ ಕನಿಷ್ಠಪಕ್ಷ ಮುಖವಾಡವಿರಲಿಲ್ಲ.

ಘಾನಾದ ಪ್ರಸ್ತಾಪಕ್ಕೆ ಬಂದರೆ ಕನ್ನಡಿಗರಿಗೆ ಒಂದು ನಿಜವಾದ ನಂಟು ಸಿಗುತ್ತದೆ. 1998ರಲ್ಲಿ ರಿಚರ್ಡ್ ಕ್ರುಕ್ ಮತ್ತು ಜೇಮ್ಸ್ ಮೇನರ್ ಎಂಬ ಇಬ್ಬರು ಪಂಡಿತರು ಒಂದು ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ಕರ್ಣಾಟಕ, ಬಾಂಗ್ಲಾದೇಶ, ಘಾನಾ, ಐವರಿ ಕೋಸ್ಟ್ ಈ ನಾಲ್ಕನ್ನು ಪಕ್ಕಪಕ್ಕದಲ್ಲಿಟ್ಟು ತೂಗಿದ್ದಾರೆ. 1987ರಲ್ಲಿ ಅಬ್ದುಲ್ ನಜೀರ್ ಸಾಬ್ ಅವರ ಶ್ರಮದಿಂದ ನಮ್ಮ ಜಿಲ್ಲಾ ಪರಿಷತ್ತುಗಳು ಹುಟ್ಟಿದುವು. ಅದರ ಮರುವರ್ಷವೇ ಘಾನಾದ ಜಿಲ್ಲಾ ಸಭೆಗಳಿಗೆ ಶಾಸನವಾಯಿತು. ಎರಡೂ ಸಮವಯಸ್ಕ ಮಕ್ಕಳು. ತಕ್ಕಡಿ ನಮ್ಮ ಕಡೆಗೇ ವಾಲಿತು. ನಮ್ಮಲ್ಲಿ ಚುನಾಯಿತರಾದ ಅಧ್ಯಕ್ಷರ ಕೈಕೆಳಗೆ, ಡೆಪ್ಯುಟಿ ಕಮೀಷನರಿಗಿಂತಲೂ ಹಿರಿಯನಾದ ಅಧಿಕಾರಿ ಕೆಲಸಮಾಡಬೇಕಾಗಿತ್ತು. ಘಾನಾದಲ್ಲಿ ಜಿಲ್ಲೆಯ ಮುಖ್ಯಸ್ಥನನ್ನು ಸೂಚಿಸುವವರು ದೇಶದ ಅಧ್ಯಕ್ಷರು, ಸಭೆಯ ಮೂರರಲ್ಲೊಂದಕ್ಕೆ ಸಮೀಪದಷ್ಟು, ಎಂದರೆ ನೂರಕ್ಕೆ 30, ಸದಸ್ಯರನ್ನು ನೇಮಿಸುವವರೂ ಅವರೇ. ದೇಶದ ವರಮಾನದ ನೂರಕ್ಕೆ 5ಕ್ಕೆ ಕಡಮೆಯಿಲ್ಲದಷ್ಟು ಜಿಲ್ಲೆಗಳಿಗೆ ಸಲ್ಲಬೇಕೆಂದು 1992ರ ಸಂವಿಧಾನ ಉದಾರವಾಗಿಯೇ ಬರೆಯಿತು. ಆದರೆ ಹಣವನ್ನು ಖರ್ಚುಮಾಡುವವನ ಮುಖ ಅಕ್ರಾ ಪಟ್ಟಣದ ಕಡೆಗೆ ತಿರುಗಿತ್ತು. ಇದನ್ನು ಸರಿಪಡಿಸುವ ಯತ್ನಗಳಲ್ಲಿ ಒಂದಾಗಿ 2019ರ ಡಿಸೆಂಬರ್ 17ಕ್ಕೆ ಜನಮತಗಣನೆ ಗೊತ್ತಾಗಿತ್ತು. ಸ್ಥಳೀಯ ಚುನಾವಣೆಗೆ ಪಕ್ಷಗಳು ಇಳಿಯಬಹುದೇ ಎಂಬುದು ಅಲ್ಲಿಯ ಪ್ರಶ್ನೆ. ಒಮ್ಮತವಿಲ್ಲವೆಂದು ಅಧ್ಯಕ್ಷ ಅಕುಫೊ ಆಡೊ ಅವರು ಎರಡು ವಾರ ಮೊದಲೇ ಅದನ್ನು ಹಿಂದಕ್ಕೆ ತೆಗೆದುಕೊಂಡರು.

ನಾವು ಬೀಗುವುದಕ್ಕೆ ಕಾರಣವಿಲ್ಲ. ಆ ಗ್ರಂಥ ಅಚ್ಚಾಗುವ ಹೊತ್ತಿಗೆ ಅದು ಹೊಗಳಿದ ನಮ್ಮ ಪರಿಷತ್ತುಗಳೇ ಇರಲಿಲ್ಲ. 1992ರಲ್ಲಿ ಅವಧಿ ಮುಗಿದಾಗ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದಿದ್ದರು. 2021ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ತೀರಿದ ಮೇಲೆಯೂ ವರ್ಷಗಟ್ಟಲೆ ಅದೇ ನಡೆಯಿತು. ಯುಗಾಂಡದ ಹದಿನೇಳು ವರ್ಷಕ್ಕೆ ನಾನು ಮೇಲೆ ಹಾಕಿದ ಆಶ್ಚರ್ಯಸೂಚಕ ಚಿಹ್ನೆಯನ್ನು ವಾಚಕರು ಆ ನೆನಪಿನೊಡನೆ ಓದಬೇಕು.

ಕೆನ್ಯದ ಪ್ರಯೋಗ ಎಲ್ಲಕ್ಕಿಂತ ಹೊಸದು, ಎಲ್ಲಕ್ಕಿಂತ ಗದ್ದಲದ್ದು. 2010ರ ಸಂವಿಧಾನದಂತೆ 2013ರಲ್ಲಿ 47 ಕೌಂಟಿ ಸರ್ಕಾರಗಳು ಬಂದುವು. ದೇಶದ ವರಮಾನದ ನೂರಕ್ಕೆ 15ಕ್ಕೆ ಕಡಮೆಯಿಲ್ಲದ ಪಾಲು ಅವುಗಳ ಹಕ್ಕಾಯಿತು. ಆಸ್ಪತ್ರೆಗಳು ಅವುಗಳ ವಶಕ್ಕೆ ಬಂದುವು. ಬಂದೊಡನೆಯೇ ಜಗಳವೂ ಬಂತು. 2013ರಲ್ಲಿ ಕೇಂದ್ರವು ವೈದ್ಯರೊಡನೆ ಮಾಡಿಕೊಂಡ ಸಂಬಳದ ಒಪ್ಪಂದಕ್ಕೆ ತಾವು ರುಜು ಹಾಕಿಲ್ಲವೆಂದು ಕೌಂಟಿಗಳು ಕೈಯಾಡಿಸಿದುವು. 2016ರ ಡಿಸೆಂಬರಿನಿಂದ ಮುಂದಿನ ಮಾರ್ಚಿಯವರೆಗೆ ನೂರು ದಿನ ವೈದ್ಯರ ಮುಷ್ಕರ, ಅದು ಮುಗಿದು ಕೆಲವೇ ತಿಂಗಳಲ್ಲಿ ದಾದಿಯರದು, ಸುಮಾರು ಐದು ತಿಂಗಳು. ಎರಡು ಸರ್ಕಾರಗಳ ನಡುವೆ ಬಡರೋಗಿ ಬಿದ್ದ.

ಅದೇ ಕೆನ್ಯದಲ್ಲಿ ಮಕುವೇನಿ ಎಂಬ ಒಣನೆಲದ ಕೌಂಟಿ ಇದೆ. ಅಲ್ಲಿಯ ಗವರ್ನರ್ ಕಿವುಥ ಕಿಬ್ವಾನ ಅವರಿಗೂ ಕೌಂಟಿಯ ಸಭೆಗೂ ಆಯವ್ಯಯದ ವಿಚಾರವಾಗಿ ಎಂಥ ಹಗೆ ಬೆಳೆಯಿತೆಂದರೆ, 2014ರಲ್ಲಿ ಸಭಾಭವನದ ಬಳಿ ಗುಂಡು ಹಾರಿ ಜನರು ಗಾಯಗೊಂಡರು. ಕೌಂಟಿಯನ್ನೇ ವಿಸರ್ಜಿಸಬೇಕೆಂದು ವಿಚಾರಣಾ ಆಯೋಗ ಶಿಫಾರಸು ಮಾಡಿತು. 2015ರಲ್ಲಿ ಅಧ್ಯಕ್ಷ ಉಹುರು ಕೆನ್ಯಾಟ ಅವರು ಒಪ್ಪಲಿಲ್ಲ. ಮುಂದಿನ ವರ್ಷ ಇದೇ ಮಕುವೇನಿ, ಮನೆಯೊಂದಕ್ಕೆ ವರ್ಷಕ್ಕೆ 500 ಶಿಲಿಂಗ್ ಕಟ್ಟಿಸಿಕೊಂಡು ಕೌಂಟಿಯ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಕೊಡುವ ಯೋಜನೆಯನ್ನು ಆರಂಭಿಸಿ ದೇಶಕ್ಕೇ ಮೇಲ್ಪಂಕ್ತಿಯಾಯಿತು. ಊರಿನಲ್ಲಿ ಒಂದು ಕೆಲಸ ನಡೆದರೆ ಊರಿನವರದೇ ಒಂದು ಸಮಿತಿ ಅದನ್ನು ನೋಡಿ ಒಪ್ಪಿದ ಮೇಲೆಯೇ ಕಂತ್ರಾಟುದಾರನಿಗೆ ಹಣ. ಯುಗಾಂಡದ ಶಾಲೆಯ ಗೋಡೆಯ ಕಾಗದಕ್ಕೆ ಇಲ್ಲಿ ಒಂದು ಕೈಯೂ ಹುಟ್ಟಿಕೊಂಡಂತಾಯಿತು. 2014ರಲ್ಲಿ ಕಂಡದ್ದನ್ನೇ ನಂಬಿ ತೀರ್ಮಾನಿಸಿದ್ದರೆ ಈ ಕೌಂಟಿ ಇಂದು ಇರುತ್ತಿರಲಿಲ್ಲ.

ಇಷ್ಟು ಹೊತ್ತು ನಾನು ನನ್ನ ನಂಬಿಕೆಗೆ ಅನುಕೂಲವಾದ ದಾರಿಯಲ್ಲಿಯೇ ನಡೆದು ಬಂದೆನೆಂದು ವಾಚಕರು ಹೇಳಬಹುದು. ಹಾಗಾದರೆ ರುವಾಂಡವನ್ನು ಏನು ಮಾಡಬೇಕು? 2006ರಲ್ಲಿ ಅದು ತನ್ನ 106 ಜಿಲ್ಲೆಗಳನ್ನು 30ಕ್ಕೆ ಇಳಿಸಿತು. ಹಿಂದಿನ ಕಾಲದ ವೀರರು ಅರಸನ ಮುಂದೆ ತೊಡುತ್ತಿದ್ದ ಪ್ರತಿಜ್ಞೆಗೆ ಅಲ್ಲಿ ‘ಇಮಿಹಿಗೊ’ ಎಂದು ಹೆಸರು. ಈಗ ಪ್ರತಿಯೊಂದು ಜಿಲ್ಲೆಯ ಮೇಯರನೂ ಈ ವರ್ಷ ಇಷ್ಟು ರಸ್ತೆ, ಇಷ್ಟು ಶೌಚಾಲಯ, ಇಷ್ಟು ಹೆರಿಗೆ ಆಸ್ಪತ್ರೆಯಲ್ಲಿ ಎಂದು ಅಧ್ಯಕ್ಷ ಕಗಾಮೆಯವರ ಮುಂದೆ ಇಮಿಹಿಗೊಗೆ ರುಜು ಹಾಕುತ್ತಾನೆ. ವರ್ಷಾಂತ್ಯಕ್ಕೆ ಲೆಕ್ಕ ಒಪ್ಪಿಸಬೇಕು. ತಪ್ಪಿದವರು ‘ಸ್ವಂತ ಕಾರಣ’ಗಳಿಗಾಗಿ ರಾಜೀನಾಮೆ ಕೊಡುವುದುಂಟು. ಅಧ್ಯಕ್ಷರಾದರೋ 2024ರಲ್ಲಿ ನೂರಕ್ಕೆ 99ಕ್ಕೂ ಮಿಕ್ಕ ಮತ ಪಡೆದವರು. ಇದನ್ನು ಸ್ವಾಯತ್ತತೆಯೆನ್ನಲು ನಾಲಗೆ ಹೊರಳದು. ಆದರೆ ಒಂದು ಲಕ್ಷ ಸಜೀವ ಜನನಕ್ಕೆ 2000ದಲ್ಲಿ 1,071 ತಾಯಂದಿರು ಸಾಯುತ್ತಿದ್ದ ಆ ದೇಶದಲ್ಲಿ 2015ರ ಸುಮಾರಿಗೆ ಆ ಸಂಖ್ಯೆ 210ಕ್ಕೆ ಇಳಿದಿತ್ತು. ಇಥಿಯೋಪಿಯವೂ ಹಾಗೆಯೇ: ಹಳ್ಳಿಗೆ ಇಬ್ಬರಂತೆ ಮೂವತ್ತು ಸಾವಿರಕ್ಕೂ ಹೆಚ್ಚು ಆರೋಗ್ಯ ಕಾರ್ಯಕರ್ತೆಯರನ್ನು ಕಳುಹಿಸಿ, ಎಳೆಯ ಮಕ್ಕಳ ಸಾವನ್ನು 1990ರಲ್ಲಿದ್ದುದರ ಮೂರನೆಯ ಒಂದು ಭಾಗಕ್ಕೆ ಇಳಿಸಿದ್ದು ಮೇಲಿನ ಅಪ್ಪಣೆಯೇ. ಬದುಕಿ ಮನೆಗೆ ಬಂದ ಬಾಣಂತಿಗೆ ಸ್ವಾಯತ್ತತೆಯ ಪಾಠ ಹೇಳಲು ನನಗೆ ಬಾಯಿ ಬರುವುದಿಲ್ಲ.

ಅದೇ ರುವಾಂಡದಲ್ಲಿ 2010-11ರಲ್ಲಿ ಹುಲ್ಲು ಮಾಡಿನ ಮನೆಗಳೇ ಇರಕೂಡದೆಂದು ಅಪ್ಪಣೆಯಾಯಿತು. ಇದೂ ಪ್ರತಿಜ್ಞಾಪತ್ರಗಳಿಗೆ ಸೇರಿತು. ಅಧಿಕಾರಿಗಳು ಚುರುಕಾಗಿ ಕೆಲಸಮಾಡಿದರು. ಕೆಲವೆಡೆ ಹೊಸ ಸೂರು ಸಿದ್ಧವಾಗುವ ಮೊದಲೇ ಹಳೆಯ ಸೂರನ್ನು ಕಿತ್ತುಹಾಕಿದರು. ಬಡವರಲ್ಲಿ ಬಡವರಾದ ತ್ವಾ ಜನರ ಸಂಸಾರಗಳು ಬಯಲಲ್ಲಿ ಉಳಿದುವು. ಹೆರಿಗೆಯ ಲೆಕ್ಕ ಕೇಳಿದಾಗ ಎಷ್ಟು ಶ್ರದ್ಧೆಯಿತ್ತೋ ಗುಡಿಸಲಿನ ಲೆಕ್ಕ ಕೇಳಿದಾಗಲೂ ಅಷ್ಟೇ ಶ್ರದ್ಧೆ. ಬೇಡವೆನ್ನಬೇಕಾದವರಿಗೆ ಪ್ರತಿಜ್ಞಾಪತ್ರದಲ್ಲಿ ರುಜುವಿಗೆ ಸ್ಥಳವಿರಲಿಲ್ಲ.

ದಕ್ಷಿಣ ಆಫ್ರಿಕ ನನಗೆ ಇನ್ನೊಂದು ಬಗೆಯ ತೊಡಕನ್ನು ಒಡ್ಡುತ್ತದೆ. 1996ರ ಅದರ ಸಂವಿಧಾನ ಸ್ಥಳೀಯ ಸರ್ಕಾರವನ್ನು ಕೆಳಗಿನ ಅಂತಸ್ತು ಎನ್ನದೆ, ಉಳಿದೆರಡರ ಜೊತೆಗೆ ನಿಲ್ಲುವ ಒಂದು ‘ವಲಯ’ ಎಂದು ಕರೆದು ಗೌರವಿಸಿತು. ಆಸ್ತಿ ತೆರಿಗೆ, ನೀರು, ವಿದ್ಯುತ್ತುಗಳಿಂದ ದೊಡ್ಡ ನಗರಗಳು ತಮ್ಮ ವರಮಾನದ ಬಹುಭಾಗವನ್ನು ತಾವೇ ಎತ್ತುತ್ತವೆ. ಯುಗಾಂಡ ಕಳೆದುಕೊಂಡದ್ದೆಲ್ಲ ಇಲ್ಲಿದೆ. ಆದರೂ 257 ಪುರಸಭೆಗಳಲ್ಲಿ 2022-23ನೆಯ ಸಾಲಿಗೆ ಆಕ್ಷೇಪಣೆಯಿಲ್ಲದ ಲೆಕ್ಕಪತ್ರವನ್ನು ಮುಂದಿಟ್ಟವು 34. ಕ್ಗೆಟ್ಲೆಂಗ್‌ರಿವಿಯರ್ ಎಂಬ ಪುರಸಭೆಯಲ್ಲಿ ನಲ್ಲಿಗಳು ಬತ್ತಿ, ಒಳಚರಂಡಿಯ ಕೊಳಚೆ ನದಿಗೆ ಹರಿಯತೊಡಗಿದಾಗ ನಾಗರಿಕರು ನ್ಯಾಯಾಲಯಕ್ಕೆ ಹೋದರು. 2020ರ ಡಿಸೆಂಬರಿನಲ್ಲಿ ನ್ಯಾಯಾಲಯವು ಕೋಸ್ಟರ್, ಸ್ವಾರ್ಟ್ರುಗೆನ್ಸ್ ಪಟ್ಟಣಗಳ ನೀರಿನ ಸ್ಥಾವರಗಳನ್ನು ನಾಗರಿಕರ ಸಂಘವೇ ವಹಿಸಿಕೊಳ್ಳಲು ಅನುಮತಿಯಿತ್ತಿತು. ಜನರೇ ತಂತ್ರಜ್ಞರನ್ನು ಕರೆತಂದು ಯಂತ್ರಗಳನ್ನು ನಡೆಸಿದರು. ತೆರಿಗೆ ಕೊಟ್ಟವರು ಲೆಕ್ಕ ಕೇಳಿದರು. ಆದರೆ ಮತಪೆಟ್ಟಿಗೆಯ ಬಳಿಯಲ್ಲಲ್ಲ, ನ್ಯಾಯಾಲಯದ ಕಟಕಟೆಯ ಬಳಿ. ಸದಸ್ಯನಿಗೆ ಮತ್ತೆ ಟಿಕೇಟು ಕೊಡುವುದು ಪಕ್ಷ. ಅವನು ಅಂಜುವುದು ಪಕ್ಷಕ್ಕೆ. ತೆರಿಗೆಯೊಂದೇ ಸಾಲದು ಎಂಬುದನ್ನು ಈ ಚಿಕ್ಕ ಊರುಗಳು ನನಗೆ ಕಲಿಸಿದುವು, ಮತ್ತು ಯುಗಾಂಡದ ವಿಚಾರವಾಗಿ ನಾನು ಬರೆದುದನ್ನು ಅಷ್ಟರಮಟ್ಟಿಗೆ ಸಡಿಲಿಸಬೇಕಾಗಿದೆ.

ಮತ್ತೆ ನೈಜೀರಿಯಕ್ಕೆ ಬರುತ್ತೇನೆ. ತೀರ್ಪು ಬಂದ ಮೇಲೆ, ಉಸ್ತುವಾರಿ ಸಮಿತಿಗಳಿಗೆ ಹಣ ಸಲ್ಲದೆಂಬ ಭಯದಿಂದ, ವರ್ಷಗಟ್ಟಲೆ ಚುನಾವಣೆಯನ್ನು ಮರೆತಿದ್ದ ರಾಜ್ಯಗಳೂ ಅವಸರದಿಂದ ಚುನಾವಣೆ ನಡೆಸಿದುವು. ಒಂದಾದ ಮೇಲೊಂದು ರಾಜ್ಯದಲ್ಲಿ ಆಳುವ ಪಕ್ಷವೇ ಗುಡಿಸಿಹಾಕಿತು. 2025ರ ಜುಲೈ 12ರಂದು ಲಾಗೋಸಿನ ಸರದಿ ಬಂತು. ಸಂವಿಧಾನದ 20, ಟಿನುಬು ಅವರು ಹಿಂದೆ ಸೃಷ್ಟಿಸಿದ 37, ಒಟ್ಟು 57 ಅಧ್ಯಕ್ಷ ಸ್ಥಾನಗಳಿದ್ದುವು. ಐವತ್ತೇಳನ್ನೂ ಗವರ್ನರರ ಪಕ್ಷವೇ ಗೆದ್ದಿತು.